ಅಮಾವಾಸ್ಯೆಯ ಬಾಡಿಗೆ

ಮೈಸೂರಿಗೆ ಸಮುದ್ರವಿಲ್ಲ. ಇದು ಎಲ್ಲರಿಗೂ ಗೊತ್ತು, ಇಲ್ಲಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಾತ್ರ ಗೊತ್ತಿಲ್ಲ. ಬೆಳಗಿನ ಆಸನಗಳಲ್ಲಿ ಮೈ ನುಗ್ಗಾಗಿ, ರಸ್ತೆ ಬದಿಯಲ್ಲಿ ಎಳನೀರು ಕುಡಿಯುತ್ತ ನಿಂತಾಗ ಅವರು ಕೇಳುವ ಮೊದಲ ಪ್ರಶ್ನೆಯೇ ‘ಇಲ್ಲಿ ಹತ್ತಿರದಲ್ಲಿ ಬೀಚ್ ಎಲ್ಲಿದೆ’ ಎಂದು. ಬೇರೆ ಡ್ರೈವರುಗಳು ನಕ್ಕುಬಿಡುತ್ತಿದ್ದರು. ಗುರುಮಲ್ಲಪ್ಪ ನಗುತ್ತಿರಲಿಲ್ಲ. ‘ಇದೆ, ಹತ್ತಿ’ ಎಂದು ಕಾರಿನ ಬಾಗಿಲು ತೆಗೆಯುತ್ತಿದ್ದ.

ಅವನು ಕರೆದೊಯ್ಯುತ್ತಿದ್ದುದು ಹೊಳೆದಂಡೆಯ ಮರಳಿಗೆ. ಬಲಮುರಿ, ಎಡಮುರಿಗಳಲ್ಲಿ ರಜೆ ಬಂತೆಂದರೆ ಬಿರಿಯಾನಿ ಪೊಟ್ಟಣ, ಸೆಲ್ಫಿ, ಕೂಗಾಟ. ಆ ಕಡೆ ಅವನು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಬಾಡಿಗೆಯಿಲ್ಲದ ದಿನ ಬನ್ನಿಮಂಟಪದ ಮನೆಯಿಂದ ಹೊರಟು, ಯಾವುದೋ ಗದ್ದೆಯ ಪಕ್ಕ ಕಾರು ನಿಲ್ಲಿಸಿ, ಪ್ಯಾಂಟು ಮಡಚಿಕೊಂಡು ಕಾವೇರಿ ದಂಡೆ, ಕಪಿಲೆ ದಂಡೆ, ಕೆರೆ ಏರಿ ಎಂದು ಅಲೆಯುತ್ತಿದ್ದ. ನೆರಳು ಮಧ್ಯಾಹ್ನಕ್ಕೆ ಎಲ್ಲಿಗೆ ಸರಿಯುತ್ತದೆ, ದನ ಮೇಯಿಸುವವರು ಬರುತ್ತಾರೋ ಇಲ್ಲವೋ, ಕುಡಿದ ಬಾಟಲಿ ಬಿದ್ದಿದೆಯೋ ಎಂದು ನೋಡಿಕೊಂಡು ಬರುತ್ತಿದ್ದ. ಅವನ ಹೆಂಡತಿ ಪ್ರೇಮಲೀಲಾ, ‘ಜನ ಇರೋ ಜಾಗ ಹುಡುಕಿ ಅಂಗ್ಡಿ ಹಾಕೋರನ್ನ ನೋಡಿದೀನಿ. ಜನ ಇಲ್ದೇ ಇರೋ ಜಾಗ ಹುಡುಕಿ ಸಂಸಾರ ಸಾಕೋರು ನಮ್ಮೋರೊಬ್ಬರೇ ಕಣ್ರೀ’ ಎಂದು ನೆರೆಹೊರೆಯಲ್ಲಿ ಹೇಳಿ ನಗುತ್ತಿದ್ದಳು. ಅದು ಹೊಗಳಿಕೆ ಎಂದೇ ಗುರುಮಲ್ಲಪ್ಪ ತಿಳಿದಿದ್ದ. ವಿದೇಶಿಯರ ಬಾಯಲ್ಲಿ ಅವನ ಹೆಸರು ತುಂಡಾಗಿ ಬರೀ ‘ಗುರು’ ಆಗಿತ್ತು, ಅದೂ ಅವನ ತಲೆಗೆ ಸ್ವಲ್ಪ ಏರಿತ್ತು.

ಈ ಕಸುಬಿಗೊಂದು ಶನಿ ಅಂಟಿಕೊಂಡಿತ್ತು. ಸದ್ದಿಲ್ಲದ ಜಾಗವನ್ನು ಒಬ್ಬರಿಗೆ ತೋರಿಸಿದರೆ ಅದು ಸದ್ದಿಲ್ಲದೆ ಉಳಿಯುವುದಿಲ್ಲ. ಬಂದವರು ಫೋಟೊ ಹಾಕುತ್ತಾರೆ, ಮ್ಯಾಪಿನಲ್ಲಿ ಗುರುತು ಕಳಿಸುತ್ತಾರೆ. ಅವನ ಟ್ಯಾಕ್ಸಿ ಸ್ಟ್ಯಾಂಡಿನವನೇ ಆದ ಮಹಾಂತೇಶ್ ಎಂಬ ಡ್ರೈವರು ‘ಅಣ್ಣ, ಅಣ್ಣ’ ಎಂದು ಟೀ ಕುಡಿಸಿ ದಾರಿ ತಿಳಿದುಕೊಂಡು, ಮುಂದಿನ ವಾರ ತಾನೇ ಗಾಡಿ ತುಂಬಿಸಿಕೊಂಡು ಅಲ್ಲಿ ಹಾಜರಾಗುತ್ತಿದ್ದ. ಹೀಗೆ ಗುರುಮಲ್ಲಪ್ಪ ಹುಡುಕಿದ ಜಾಗಗಳೆಲ್ಲ ಒಂದೊಂದಾಗಿ ಸಂತೆಯಾದವು. ಅದಕ್ಕಾಗಿ ಅವನು ಮಹಾಂತೇಶನನ್ನು ಬೈಯುತ್ತಿದ್ದನೇ ಹೊರತು ತನ್ನನ್ನು ಬೈದುಕೊಂಡವನಲ್ಲ.

ಅಮಾವಾಸ್ಯೆ, ಹುಣ್ಣಿಮೆಗಳಂದು ಆ ಯೋಗಶಾಲೆಗಳಿಗೆ ರಜೆ. ಆವತ್ತು ಆಸನ ಹಾಕಬಾರದೆಂದು ಅವರಲ್ಲೊಂದು ನಿಯಮ. ಹಾಗಾಗಿ ಹೊರಗೆ ಹೋಗಬೇಕೆಂದರೆ ಎಲ್ಲರೂ ಆ ದಿನವೇ ಹೊರಡುತ್ತಿದ್ದರು. ಬೇರೆ ಡ್ರೈವರುಗಳು ಅಮಾವಾಸ್ಯೆಯಂದು ಗಾಡಿಗೆ ನಿಂಬೆಹಣ್ಣು ಕಟ್ಟಿ, ದೂರದ ಬಾಡಿಗೆ ಒಪ್ಪಲು ಹಿಂದೆ ಮುಂದೆ ನೋಡಿದರೆ, ಗುರುಮಲ್ಲಪ್ಪನಿಗೆ ಆವತ್ತೇ ಸುಗ್ಗಿ.

ಅವನ ಅಕ್ಕ ವಸಂತಮ್ಮನಿಗೂ ಅಮಾವಾಸ್ಯೆಯೆಂದರೆ ಬಿಡುವಿಲ್ಲದ ದಿನ. ರಾಮಕೃಷ್ಣನಗರದ ಮನೆಯ ಮುಂದೆಯೇ ಆಕೆಯ ಗಂಡ ಶಿವಕುಮಾರನ ದಿನಸಿ ಅಂಗಡಿ. ಅಮಾವಾಸ್ಯೆ ಬಂತೆಂದರೆ ಆಕೆ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಚೀಲ ಹಿಡಿದು, ‘ನಂಜನಗೂಡಿಗೆ ಹೋಗ್ಬಿಟ್ ಬತ್ತೀನಿ’ ಎಂದು ಬಸ್ಸು ಹತ್ತುತ್ತಿದ್ದಳು. ಎಷ್ಟೋ ವರ್ಷಗಳಿಂದ ತಪ್ಪಿಸಿದವಳಲ್ಲ. ನಂಜುಂಡೇಶ್ವರನ ಮೇಲೆ ಅಷ್ಟು ಭಕ್ತಿ ಎಂದು ನೆಂಟರೆಲ್ಲ ಕೊಂಡಾಡುತ್ತಿದ್ದರು. ಒಮ್ಮೆ ಮಂಡಿನೋವು ಹೆಚ್ಚಾದಾಗ ತಮ್ಮನಿಗೆ ಫೋನು ಮಾಡಿ, ‘ಮಲ್ಲ, ಈ ಅಮಾಸೆಗೊಂದ್ಸಲ ಕಾರಲ್ಲಿ ಬುಟ್ಟು ಬತ್ತೀಯಾ?’ ಎಂದು ಕೇಳಿದ್ದಳು.

‘ಅಮಾಸೆ ಒಂದು ಬುಟ್ಟು ಬ್ಯಾರೆ ದಿನ ಕೇಳಕ್ಕ. ಅವತ್ತು ನಂಗೆ ಬಾಡ್ಗೆ ಇರ್ತದೆ,’ ಎಂದಿದ್ದ. ‘ನಂಜುಂಡಪ್ಪ ಎಲ್ ಓಗ್ತಾನೆ? ಸೋಮವಾರ ಓಗಣ ಬುಡು.’

‘ಬ್ಯಾಡ ಬುಡು, ಬಸ್ಸಲ್ಲೇ ಓಗ್ತೀನಿ,’ ಎಂದಿದ್ದಳು ಅಕ್ಕ. ಆಮೇಲೆ ಕೇಳಲಿಲ್ಲ.

ಈಗ ಹಿಂದಿನದೊಂದನ್ನು ಹೇಳಬೇಕು. ಇವರಿಬ್ಬರ ಹುಟ್ಟೂರು ನಂಜನಗೂಡು ದಾಟಿ ಕಪಿಲೆಯ ಹರಿವಿನ ಜೊತೆಗೇ ಸ್ವಲ್ಪ ಕೆಳಗೆ ಹೋದರೆ ಸಿಗುತ್ತದೆ. ವಸಂತಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಮಗು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ತೀರಿಕೊಂಡಿತು. ದೊಡ್ಡವರಾದರೆ ಗದ್ದುಗೆ, ಗುರುತಿನ ಕಲ್ಲು, ಮಠದ ಅಯ್ಯನವರು ಎಲ್ಲ ಉಂಟು. ಹಸುಗೂಸಿಗೆ ಏನೂ ಇಲ್ಲ. ಅಪ್ಪ ಗುದ್ದಲಿ ಹಿಡಿದ, ಗುರುಮಲ್ಲಪ್ಪ ಬಿಳಿಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡ. ಹೊಳೆದಂಡೆಯ ಹೊಂಗೆಮರದ ಬುಡದಲ್ಲಿ ಹೂತು, ಹಿಂದಿರುಗಿ ನೋಡದೆ ಮನೆಗೆ ಬಂದರು. ಹಿಂದಿರುಗಿ ನೋಡಬಾರದೆಂಬುದು ಪದ್ಧತಿ. ಬಾಣಂತಿಗೆ ಜಾಗ ಹೇಳಬಾರದೆಂಬುದೂ ಪದ್ಧತಿ. ಆದರೆ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ದಿನ ವಸಂತಮ್ಮ ತಮ್ಮನ ಕೈ ಹಿಡಿದು, ‘ಎಲ್ಲಿ ಮಲಗ್ಸಿದ್ರೋ ಮಲ್ಲ? ಅದೊಂದು ಏಳ್ಬುಡು’ ಎಂದು ಕೇಳಿದಾಗ ತಡೆಯಲಾರದೆ ಹೇಳಿಬಿಟ್ಟಿದ್ದ. ಮತ್ತೆ ಆಕೆ ಆ ಮಾತೆತ್ತಲಿಲ್ಲ. ಮರೆತಳು, ಒಳ್ಳೆಯದಾಯಿತು ಎಂದುಕೊಂಡು ಅವನೂ ಮರೆತ. ಅಪ್ಪ ಅಮ್ಮ ತೀರಿಕೊಂಡು, ಊರಿನ ಮನೆ ಬೇರೆಯವರದಾಗಿ, ಆ ಕಡೆ ಹೋಗುವ ಕಾರಣವೇ ಉಳಿಯಲಿಲ್ಲ.

ಹೋದ ಚಳಿಗಾಲ ಇಂಗ್ರಿಡ್ ಎಂಬ ಹೆಂಗಸು ಬಂದಳು. ವರ್ಷ ವರ್ಷ ಬರುವ ಗಿರಾಕಿ, ಒಳ್ಳೆಯವಳು. ‘ಗುರು, ಈ ಸಲ ಒಬ್ಬರೂ ಬರದ ಜಾಗ ಬೇಕು. ನಿನಗೆ ಗೊತ್ತಿರುವ ಜಾಗಗಳೆಲ್ಲ ಈಗ ಎಲ್ಲರಿಗೂ ಗೊತ್ತು’ ಎಂದು ನಕ್ಕಳು. ಪಕ್ಕದಲ್ಲೇ ನಿಂತಿದ್ದ ಮಹಾಂತೇಶನೂ ನಕ್ಕ. ಗುರುಮಲ್ಲಪ್ಪನಿಗೆ ಕೆಂಡ ತುಳಿದ ಹಾಗಾಯಿತು. ಆಗ ನೆನಪಾದದ್ದು ಆ ಹೊಂಗೆಮರ.

ಒಂದು ಬುಧವಾರ ಹೋಗಿ ನೋಡಿಯೂ ಬಂದ. ಹೊಳೆ ತಿರುವಿನಲ್ಲಿ ಮರಳು ಹಾಸಿದಂತಿತ್ತು, ಮರ ಈಗ ಕೊಡೆಯಂತೆ ಹರಡಿತ್ತು. ಒಂದು ನರಪಿಳ್ಳೆಯೂ ಇಲ್ಲ. ಮನಸ್ಸು ಒಂದು ಗಳಿಗೆ ಚುಚ್ಚಿತು. ಆದರೆ ತನಗೆ ಬೇಕಾದ ಸಮಾಧಾನವನ್ನು ಹುಡುಕಿಕೊಳ್ಳುವುದರಲ್ಲೂ ಅವನು ಗಟ್ಟಿಗ. ಎಷ್ಟು ಸಲ ಪ್ರವಾಹ ಬಂದು ಹೋಗಿದೆ, ಈಗ ಅಲ್ಲೇನಿದೆ, ಯಾರಿಗೆ ನೆನಪಿದೆ ಎಂದುಕೊಂಡ. ಬುಧವಾರ ಯಾರೂ ಇರಲಿಲ್ಲ, ನಿಜ. ಗಿರಾಕಿಗಳು ಬರುವುದು ಅಮಾವಾಸ್ಯೆಗೆ ಎಂಬುದು ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ.

ಆ ಅಮಾವಾಸ್ಯೆ ಇಂಗ್ರಿಡ್ ಮತ್ತು ಅವಳ ಗೆಳತಿಯರನ್ನು ಕರೆದೊಯ್ದ. ಅವರು ನೋಡಿ ಮಾತೇ ಮರೆತರು. ಹೊಂಗೆಯ ನೆರಳಲ್ಲಿ ಚಾಪೆ ಹಾಸಿ, ಈಜುಡುಗೆ ತೊಟ್ಟು ನೀರಿಗಿಳಿದು ಬಂದು, ಕೊಂಬೆಗೆ ಟವೆಲು ಒಣಹಾಕಿ, ಕಣ್ಣುಮುಚ್ಚಿ ಮಲಗಿದರು. ಗುರುಮಲ್ಲಪ್ಪ ಎದೆಯುಬ್ಬಿಸಿ ಕಾರಿನ ಬಳಿ ನಿಂತಿದ್ದ. ಆಗ ಇಂಗ್ರಿಡ್ ಅಂಗೈಯಲ್ಲಿ ಏನನ್ನೋ ಹಿಡಿದು ತಂದು ತೋರಿಸಿದಳು. ಚಾಪೆಯಡಿ ಮರಳಲ್ಲಿ ಸಿಕ್ಕಿತಂತೆ. ಹಸುಗೂಸಿಗೆ ತೊಡಿಸುವ ಪುಟ್ಟ ಕರಿಬಳೆಗಳು. ಕೆಲವು ಹಳೆಯವು, ಬಣ್ಣ ಹೋದವು. ಎರಡು ಹೊಚ್ಚ ಹೊಸವು.

‘ಏನಿದು ಗುರು?’

‘ಹೊಳೇಲಿ ತೇಲಿ ಬರುತ್ತೆ. ಕಸ,’ ಎಂದ.

ಬಳೆ ತೇಲುವುದಿಲ್ಲ. ಅದು ಅವಳಿಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು. ಎಲ್ಲ ಅರ್ಥವಾಗುವಷ್ಟರಲ್ಲಿ ಮೇಲಿನ ಕಾಲುದಾರಿಯಲ್ಲಿ ಬಟ್ಟೆ ಚೀಲ ಹಿಡಿದು, ಮಂಡಿಯ ಮೇಲೆ ಕೈಯೂರುತ್ತ ವಸಂತಮ್ಮ ಬಂದಳು. ಕೆಳಗೆ ಮರದಡಿಯ ಮೈಗಳನ್ನೂ ಚಾಪೆಗಳನ್ನೂ ನೋಡಿದಳು. ಆಮೇಲೆ ತಮ್ಮನನ್ನು ನೋಡಿದಳು.

‘ಯಾರೂ ಬರುವುದಿಲ್ಲ ಅಂದಿದ್ದೆಯಲ್ಲ,’ ಎಂದಳು ಇಂಗ್ರಿಡ್ ಮೆಲ್ಲಗೆ. ‘ಅವರು ಯಾರು, ನಿನಗೆ ಗೊತ್ತಾ?’

ಅಕ್ಕ ಎಂದು ಹೇಳಬೇಕಿತ್ತು. ಹೇಳಿದರೆ ಏಕೆ ಬಂದಳೆಂದು ಹೇಳಬೇಕು. ಏಕೆಂದು ಹೇಳಿದರೆ ನೀವು ಮಲಗಿರುವುದು ಯಾವುದರ ಮೇಲೆ ಎಂದು ಹೇಳಬೇಕು. ಗುರುಮಲ್ಲಪ್ಪ ತಲೆಯಾಡಿಸಿದ. ‘ಗೊತ್ತಿಲ್ಲ. ಹಳ್ಳಿಯವರು.’

ವಸಂತಮ್ಮನಿಗೆ ಇಂಗ್ಲಿಷು ಬಾರದು. ಆದರೆ ತಲೆಯಾಡಿಸಿದ್ದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಆಕೆ ಸೆರಗು ಸರಿಮಾಡಿಕೊಂಡು ಕಾರಿನ ಬಳಿ ಬಂದು, ತಾನು ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ ಹಾಕಿ ಮಾತಾಡಿದಳು.

‘ಅವ್ರನ್ನ ಎಬ್ಬಿಸ್‌ಬ್ಯಾಡಿ ಸ್ವಾಮಿ. ಮುಗಿಸ್ಕೊಂಡು ಓಗ್ಲಿ. ನಾನು ಇಲ್ಲೇ ಕುಂತಿರ್ತೀನಿ.’

‘ಏನಂದರು? ಇದು ಅವರ ಜಾಗವಾದರೆ ನಾವು ಎದ್ದು ಹೋಗುತ್ತೇವೆ,’ ಎಂದಳು ಇಂಗ್ರಿಡ್. ಪಾಪ, ಅವಳು ಮನಸಾರೆ ಕೇಳಿದ್ದಳು. ತಪ್ಪು ತಿದ್ದಿಕೊಳ್ಳಲು ದೇವರು ಇನ್ನೆಷ್ಟು ಹತ್ತಿರ ಬಂದು ನಿಲ್ಲಬೇಕು?

‘ಏನೂ ತೊಂದರೆ ಇಲ್ಲವಂತೆ,’ ಎಂದ ಗುರುಮಲ್ಲಪ್ಪ.

ವಸಂತಮ್ಮ ಸ್ವಲ್ಪ ದೂರದಲ್ಲಿ, ಬಿಸಿಲಲ್ಲಿ, ಒಂದು ಕಲ್ಲಿನ ಮೇಲೆ ಕುಳಿತಳು. ನೆರಳಿದ್ದುದೆಲ್ಲ ಹೊಂಗೆಮರದಡಿ. ಗುರುಮಲ್ಲಪ್ಪ ಕಾರಿನ ಬಾನೆಟ್ಟು ತೆಗೆದು, ಏನೂ ಕೆಟ್ಟಿಲ್ಲದ ಎಂಜಿನ್ನಿನಲ್ಲಿ ಮುಖ ಹುದುಗಿಸಿ ನಿಂತ. ಭೂಮಿ ಬಾಯಿಬಿಡಬಾರದೇ ಎಂದು ಜನ ಸುಮ್ಮನೆ ಹೇಳುತ್ತಾರೆ. ಅವನು ನಿಜವಾಗಿ ಬೇಡಿಕೊಂಡ. ಒಮ್ಮೆ ಇಂಗ್ರಿಡ್ ಹೋಗಿ ಆಕೆಗೆ ಬಾಳೆಹಣ್ಣು ಕೊಟ್ಟಳು. ಅಕ್ಕ ಎರಡೂ ಕೈಯಲ್ಲಿ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಬಿಸಿಲು ಇಳಿಮುಖವಾದ ಮೇಲೆ ಗಿರಾಕಿಗಳು ಎದ್ದರು. ಕಾರು ಮೇಲೆ ಹತ್ತುವಾಗ ಅವನು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಅಕ್ಕ ಮೊಣಕಾಲೂರಿ ಕುಳಿತು, ಚಾಪೆಗಳ ಗುರುತನ್ನು ಅಂಗೈಯಿಂದ ಸವರಿ ಸವರಿ ಅಳಿಸುತ್ತಿದ್ದಳು.

ಮೂರು ದಿನ ಅವನಿಗೆ ಅನ್ನ ಸೇರಲಿಲ್ಲ. ಪ್ರೇಮಲೀಲಾ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ. ಕೊನೆಗೆ ಹಣ್ಣು ಕಟ್ಟಿಸಿಕೊಂಡು ರಾಮಕೃಷ್ಣನಗರಕ್ಕೆ ಹೋದ. ಭಾವ ಅಂಗಡಿಯಲ್ಲೇ ಇದ್ದ. ‘ನಿಮ್ಮಕ್ಕ ನೋಡೋ, ಈ ಅಮಾಸೆ ಮುಖವೆಲ್ಲ ಸುಟ್ಕೊಂಡು ಬಂದವ್ಳೆ,’ ಎಂದ.

‘ದೇವಸ್ಥಾನದಲ್ಲಿ ಜನವೋ ಜನ ಕಣ್ರೀ,’ ಎಂದಳು ವಸಂತಮ್ಮ ಒಳಗಿನಿಂದ ಬಂದು. ‘ಬಿಸ್ಲಲ್ಲೇ ಸಾಲು ನಿಂತಿದ್ದೆ. ಕುಂತ್ಕೊ ಮಲ್ಲ, ಕಾಫಿ ತತ್ತೀನಿ.’

ತನ್ನ ಮಾನವನ್ನು ಆಕೆಯೇ ಕಾಯುತ್ತಿದ್ದಾಳೆ ಎಂಬುದು ಅವನಿಗೆ ಕಪಾಳಕ್ಕೆ ಹೊಡೆದುದಕ್ಕಿಂತ ಹೆಚ್ಚಾಯಿತು. ಕಾಫಿ ಕುಡಿದು ಎದ್ದ. ಆಕೆ ಗೇಟಿನವರೆಗೆ ಬಂದಾಗ, ‘ಅಕ್ಕ, ತಪ್ಪಾಯ್ತು’ ಎಂದಷ್ಟೇ ಹೇಳಿದ.

‘ನಾನೂ ಏಳಿರ್ಲಿಲ್ವಲ್ಲ, ನಿಂಗೆಂಗೆ ಗೊತ್ತಾಗ್ಬೇಕು,’ ಎಂದಳು. ‘ಒಂದ್ ಮಾತ್ ಏಳು ಮಲ್ಲ. ಮುಂದಿನ ಅಮಾಸೆಗೆ ಅವ್ರು ಎಷ್ಟೊತ್ಗೆ ಬತ್ತಾರೆ? ಅವ್ರು ಬರೋಕ್ ಮುಂಚೆ ನಾನು ಓಗ್ ಬಂದ್ಬುಡ್ತೀನಿ. ನಿಂಗೂ ಮುಜುಗರ ಇಲ್ಲ.’

ಅವನು ಗೇಟಿನ ಸರಳು ಹಿಡಿದುಕೊಂಡ. ‘ಯಾರನ್ನೂ ಕರ್ಕೊಂಡ್ ಓಗಲ್ಲ ಅಕ್ಕ. ನಿನ್ನನ್ನೇ ಕರ್ಕೊಂಡ್ ಓಗ್ತೀನಿ. ಇನ್ಮೇಲೆ ಪ್ರತಿ ಅಮಾಸೆ.’

ಕೊಟ್ಟ ಮಾತಿನಂತೆ ಮುಂದಿನ ಅಮಾವಾಸ್ಯೆ ಬಂದ ಬಾಡಿಗೆಗಳನ್ನೆಲ್ಲ ಬೇಡವೆಂದು, ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಆಕೆಯ ತೊಡೆಯ ಮೇಲೆ ಸ್ಟೀಲ್ ಗಿಂಡಿಯಲ್ಲಿ ಹಾಲು, ಕಾಗದದಲ್ಲಿ ಸುತ್ತಿದ ಬಳೆ. ದಾರಿಯುದ್ದಕ್ಕೂ ಅಕ್ಕ ಚಿಕ್ಕವಳಂತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಇಷ್ಟು ವರ್ಷದಲ್ಲಿ ಜೊತೆಗೊಬ್ಬರನ್ನು ಕರೆದುಕೊಂಡು ಹೋಗುತ್ತಿರುವುದು ಇದೇ ಮೊದಲು ಎಂದಳು.

ಕಾಲುದಾರಿಯ ತುದಿಯಲ್ಲಿ ಆಗಲೇ ಮೂರು ಕಾರು ನಿಂತಿದ್ದವು. ಹೊಂಗೆಮರದಡಿ ಬಣ್ಣಬಣ್ಣದ ಚಾಪೆ, ಯಾರದೋ ಗಿಟಾರು. ಮಹಾಂತೇಶ್ ನಗುತ್ತ ಕಾರಿನ ಕಿಟಕಿಗೆ ಬಂದ.

‘ಬಂದ್ರಾ ಅಣ್ಣ. ಇಂಗ್ರಿಡ್ ಮೇಡಂ ಎಲ್ಲರಿಗೂ ಲೊಕೇಶನ್ ಕಳ್ಸಿಬುಟ್ಟವ್ರೆ. ಜಾಗ ಅಂದ್ರೆ ನೀವ್ ಹುಡುಕಿದ್ದೇ ಜಾಗ ಬಿಡಿ.’ ಸೀಟಿನತ್ತ ಇಣುಕಿ, ‘ಇವ್ರು ಯಾರಣ್ಣ?’ ಎಂದ.

‘ನಮ್ಮಕ್ಕ,’ ಎಂದ ಗುರುಮಲ್ಲಪ್ಪ. ಆ ಮಾತು ಒಂದು ತಿಂಗಳು ತಡವಾಗಿ ಬಂದಿತ್ತು. ಇಳಿದು ಹೋಗಿ ಎಲ್ಲರನ್ನೂ ಎಬ್ಬಿಸುತ್ತೇನೆಂದು ಬಾಗಿಲಿಗೆ ಕೈ ಹಾಕಿದ.

ವಸಂತಮ್ಮ ಅವನ ತೋಳು ಹಿಡಿದಳು. ‘ಬ್ಯಾಡ. ಇವತ್ತು ಎಬ್ಬಿಸ್ತೀಯ, ನಾಳೆ? ಏನ್ ಅಂತ ಏಳ್ತೀಯ ಅವ್ರಿಗೆ? ಆಮೇಲೆ ಅದನ್ನೂ ನೋಡಕ್ಕೆ ಜನ ಬತ್ತಾರೆ. ಗಾಡಿ ತಿರುಗ್ಸು.’

‘ಎಲ್ಲಿಗಕ್ಕ?’

‘ನಂಜನಗೂಡಿಗೆ. ಇಷ್ಟ್ ವರ್ಷ ಸುಳ್ಳೇಳ್ದೆ. ಇವತ್ತಾದ್ರೂ ನಿಜ ಮಾಡಣ.’

ನಂಜನಗೂಡಿನ ಸ್ನಾನಘಟ್ಟದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಡಿ ತೆಗೆಸಿದವರು, ಒದ್ದೆಬಟ್ಟೆ ಹಿಂಡುವವರು, ಕಡಲೆಪುರಿ ಮಾರುವವರ ಕೂಗು. ಆ ಗದ್ದಲದ ನಡುವೆ ವಸಂತಮ್ಮ ಕೊನೆಯ ಮೆಟ್ಟಿಲಿಳಿದು, ಹಾಲನ್ನು ಸಣ್ಣಗೆ ನೀರಿಗೆ ಹೊಯ್ದಳು.

‘ಇಲ್ಲಿ ಬುಟ್ರೆ ಅಲ್ಲೀಗಂಟ ಓಗ್ತದಾ ಮಲ್ಲ?’

‘ಓಗ್ತದೆ ಕಣಕ್ಕ,’ ಎಂದ, ಆಕೆಯ ಮುಖ ನೋಡದೆ.

ಬಳೆಯನ್ನು ಮಾತ್ರ ಆಕೆ ನೀರಿಗೆ ಬಿಡಲಿಲ್ಲ. ಮೆಟ್ಟಿಲು ಹತ್ತಿ ಬಂದು, ಕಾಗದದ ಸುರುಳಿಯನ್ನು ತಮ್ಮನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ‘ಇದು ಮುಳುಗೋಗ್ತದೆ. ನೀನು ಎಂದಾರ ಆ ಕಡೆ ಬಾಡ್ಗೆಗೆ ಓದಾಗ, ಯಾರೂ ಇಲ್ದ ಒತ್ತು ನೋಡಿ ಅಲ್ಲಿಟ್ ಬುಟ್ಟು ಬಾ. ಅದೆಲ್ಲ ನಿಂಗೆ ಚೆನ್ನಾಗ್ ಗೊತ್ತಾಗ್ತದಲ್ಲ.’

ಅದರಲ್ಲಿ ಕೊಂಕಿರಲಿಲ್ಲ. ಆಕೆ ನಂಬಿಯೇ ಹೇಳಿದ್ದಳು. ಗುರುಮಲ್ಲಪ್ಪ ಹೂಂ ಎಂದು ಬಳೆಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಈಗ ಎರಡು ತಿಂಗಳಾಯಿತು. ಬುಧವಾರ ಹೋದ, ಗುರುವಾರ ಹೋದ, ನಸುಕಿನಲ್ಲೂ ಹೋಗಿ ನೋಡಿದ. ಹೊಂಗೆಮರದಡಿ ಯಾರಾದರೂ ಇದ್ದೇ ಇರುತ್ತಾರೆ. ಬಳೆ ಇನ್ನೂ ಅವನ ಜೇಬಿನಲ್ಲೇ ಇದೆ.