ಕಾಕಾ ಪಂಚರಾದದ್ದು

ಆ ಬೇಸಿಗೆಯಲ್ಲಿ ಹೊಳೆಯ ನೀರು ಕುಡಿಯಲಿಕ್ಕಷ್ಟೇ, ಯಾರೂ ಪಂಪ್ ಹಚ್ಚಬಾರದು ಎಂದು ಸರ್ಕಾರದ ಆದೇಶ ಬಂತು. ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಹತ್ತಿರದ ನಮ್ಮೂರಿನಲ್ಲಿ ಎಲ್ಲರೂ ಅದನ್ನು ಕೇಳಿದರು, ಎಲ್ಲರೂ ಪಂಪ್ ಹಚ್ಚಿದರು. ಕೆಳಗಿನ ಊರುಗಳ ಗಂಟಲು ಒಣಗಿದರೆ ನಮಗೇನು? ಅಧಿಕಾರಿಗಳು ಬಂದಾಗ ಉಳಿದವರು ಪಂಪ್‌ಗಳನ್ನು ಕಬ್ಬಿನಲ್ಲಿ ಅಡಗಿಸಿದ್ದರು. ಸಿಕ್ಕಿದ್ದು ನನ್ನ ಅಣ್ಣನದೊಂದೇ. ಜಪ್ತಿಯ ಪಂಚನಾಮೆಗೆ ಊರಿನ ಸಾಕ್ಷಿ ಬೇಕಿತ್ತು; ಸರ್ಕಾರಿ ಕಾಗದದಲ್ಲಿ ಅಂಥವರಿಗೆ ಪಂಚರು ಎನ್ನುತ್ತಾರೆ. ಜನ ಬಾಗಿಲು ಹಾಕಿಕೊಂಡರು.

ಕುರಿ ಹೊಡೆದುಕೊಂಡು ಬರುತ್ತಿದ್ದ ನಮ್ಮ ಕಾಕಾನನ್ನು ಅಧಿಕಾರಿಗಳು ತಡೆದರು. "ನೀವು ಪಂಚರಾಗ್ರಿ," ಎಂದರು. ಪಂಚರೆಂದರೆ ನಮ್ಮಲ್ಲಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರು. ಕಾಕಾನನ್ನು ಜನ್ಮದಲ್ಲಿ ಯಾರೂ ಅಲ್ಲಿ ಕೂಡ್ರಿಸಿರಲಿಲ್ಲ. ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು, ಏನು ಬರೆದಿದೆ ಎಂದೂ ಕೇಳದೆ ಹೆಬ್ಬೆಟ್ಟು ಒತ್ತಿದ. ಸಂಜೆ ಅದನ್ನು ಊರೆಲ್ಲ ಹೇಳಿಕೊಂಡು ಬಂದ, ಮೂರ್ಖ.

ಮರುದಿನದಿಂದ ಯಾರೂ ಅವನೊಡನೆ ಮಾತಾಡಲಿಲ್ಲ. ಚಹಾದಂಗಡಿಯಲ್ಲಿ ಅವನು ಕೂತ ಬೆಂಚು ಖಾಲಿಯಾಗುತ್ತಿತ್ತು. "ಪಂಚರು ಬಂದ್ರು, ಜಾಗಾ ಬಿಡ್ರಿ," ಎಂದು ಮೊದಲು ಅಂದವನು ನಾನು, ಬೆಳಗಾವಿಯಿಂದ ರಜೆಗೆ ಬಂದವನು. ಜನ ನಕ್ಕರು, ನನಗೆ ಹಿಗ್ಗಾಯಿತು. ಈಗ ನೆನೆದರೆ ಹೇಸಿಗೆಯಾಗುತ್ತದೆ.

ಕಾಕಾನ ಮಗಳ ಲಗ್ನ ಗೊತ್ತಾಗಿತ್ತು. ಊರು ಬಾರದಿದ್ದರೆ ಅಕ್ಕಿಕಾಳು ಹಾಕುವವರು ಯಾರೆಂಬ ಚಿಂತೆ ಅವನಿಗೆ. ಬೆಳಗಾವಿಯ ರಾಮತೀರ್ಥ ನಗರದ ನನ್ನ ಮನೆಗೆ ಬಂದು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತ.

"ತಮ್ಮಾ, ಅಣ್ಣಗ ನೀನರ ಹೇಳು. ನನಗ ತಿಳೀಲಿಲ್ಲಪಾ."

"ಕೋರ್ಟಿನ್ಯಾಗ ಒಂದ ಮಾತು ಹೇಳು ಕಾಕಾ. ಖಾಲಿ ಹಾಳಿ ಮ್ಯಾಲ ಹೆಬ್ಬೆಟ್ಟು ಒತ್ತಿಸಿಕೊಂಡ್ರು, ನಾ ಪಂಪ್ ನೋಡೇ ಇಲ್ಲ ಅಂತ. ಇಡೀ ಊರ ಲಗ್ನಕ್ಕ ಬರತೈತಿ."

ಖಾನಾಪುರದ ಕೋರ್ಟಿಗೆ ನಾನೇ ಕರೆದೊಯ್ದೆ. ಕಟಕಟೆಯಲ್ಲಿ ನಿಂತು ಹೇಳಿಕೊಟ್ಟಂತೆಯೇ ಹೇಳಿದ. "ಇಷ್ಟ ವಯಸ್ಸಾಗೇತಿ, ಸುಳ್ಳ ಹೇಳಾಕ ನಾಚಿಕಿ ಬರೂದಿಲ್ಲೇನು?" ಎಂದು ಸರ್ಕಾರಿ ವಕೀಲರು ಎಲ್ಲರೆದುರು ಬೈದರು. ಅವನು ತಲೆ ತಗ್ಗಿಸಿದ. ಕೇಸು ಬಿದ್ದುಹೋಯಿತು. ಅಣ್ಣ ಜಪ್ತಿಯಿಂದ ಬಿಡಿಸಿ ತಂದ ಪಂಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಹೊಳೆಗೆ ಇಳಿಸಿದ.

ಲಗ್ನಪತ್ರಿಕೆ ಹಿಡಿದು ಬಂದ ಕಾಕಾನನ್ನು ಅಣ್ಣ ಒಳಗೆ ಕರೆಯಲಿಲ್ಲ. "ಪ್ರಮಾಣಾ ಮಾಡಿ ಸುಳ್ಳ ಹೇಳಿದಾಂವನ ಮನಿಗಿ ಹ್ಯಾಂಗ ಬರೂದು?" ಎಂದ. ಊರೂ ಅದನ್ನೇ ಹೇಳಿತು. ಸುಳ್ಳು ಹೇಳಿಕೊಟ್ಟವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ನನ್ನೆದುರು ಯಾರೂ ಆ ಮಾತು ಎತ್ತಲಿಲ್ಲ; ನಾನು ಬೆಳಗಾವಿಯ ನೌಕರದಾರ.

ಕೊನೆಗೆ ಕಾಕಾ ನನಗೆ ಫೋನ್ ಮಾಡಿದ. "ನೀ ಒಬ್ಬಾಂವರ ಬಾ ತಮ್ಮಾ."

ಆವತ್ತು ರಜೆ ಸಿಗುವುದಿಲ್ಲ ಎಂದೆ. ಲಗ್ನ ಇದ್ದದ್ದು ರವಿವಾರ.