ಪಾವಿನ ಗಂಜಿ, ಹುರುಳಿ ಸಾರು

ಮೊನ್ನೆ ಬೆಳಿಗ್ಗೆ ವಾಕಿಂಗ್ ಮುಗಿಸಿ ಲಿಫ್ಟಿನಿಂದ ಹೊರಗೆ ಕಾಲಿಟ್ಟಾಗ ಯಾರ ಮನೆಯಿಂದಲೋ ಹುರುಳಿ ಬೇಯುವ ವಾಸನೆ ಬಂತು. ಒದ್ದೆ ಮಣ್ಣಿನದ್ದು ಸ್ವಲ್ಪ, ದನದ ಕೊಟ್ಟಿಗೆಯದ್ದು ಸ್ವಲ್ಪ… ಮೂಗಿಗೆ ಅಂಥ ಇಷ್ಟವಾಗುವ ವಾಸನೆಯೇನಲ್ಲ. ಆದರೂ ಬೀಗದ ಕೈ ಹಿಡಿದುಕೊಂಡು ಕಾರಿಡಾರಿನಲ್ಲಿ ಹಾಗೇ ನಿಂತುಬಿಟ್ಟೆ. ಕೊಯಮತ್ತೂರಿನ ಡಿಸೆಂಬರನ್ನು ನನ್ನ ಮೊಮ್ಮಗಳು ಚಳಿಗಾಲ ಎಂದೇ ಒಪ್ಪುವುದಿಲ್ಲ. “ಅಜ್ಜಿ, ಇದು ಜಸ್ಟ್ ಏಸಿ” ಅನ್ನುತ್ತಾಳೆ. ಪಾಪ, ಅವಳು ಕಾರಮಡೈ ಕಡೆಯ, ಮನೆಯಲ್ಲಿ ಕನ್ನಡ ಆಡುವ ನಮ್ಮ ನೇಕಾರರ ಬೀದಿಯ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಚಳಿಯನ್ನು ಕಂಡವಳಲ್ಲ. ನೀಲಗಿರಿಯಿಂದ ಇಳಿದ ಗಾಳಿ ಬೀದಿಯ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಎಲ್ಲರ ಮೂಳೆಯನ್ನೂ ಒಮ್ಮೆ ಮುಟ್ಟಿ ನೋಡುತ್ತಿತ್ತು.

ಆ ಬೀದಿಯಲ್ಲಿ, ನಮ್ಮ ಎದುರು ಮನೆಯಲ್ಲಿ ಇದ್ದವರು ಅತ್ತೆ. ನೆಂಟಸ್ತಿಕೆಯ ಅತ್ತೆಯಲ್ಲ, ನೆರೆಮನೆಯ ಅತ್ತೆ. ಕುಳ್ಳಗಿನ ಹೆಂಗಸು, ಕೈ ಮಾತ್ರ ಗಂಡಸರ ಕೈಯಷ್ಟು ಅಗಲ. ಅವರ ಮನೆಯಲ್ಲಿ ಒಂದು ಮಗ್ಗ, ಹಿತ್ತಲಲ್ಲಿ ಮೂರು ಕಲ್ಲಿನ ದೊಡ್ಡ ಒಲೆ. ನಾನು ಆರನೇ ವಯಸ್ಸಿಗೇ ಕಾನ್ವೆಂಟ್ ಹಾಸ್ಟೆಲ್ ಸೇರಿದ್ದೆ. ನನ್ನ ತಂದೆ ಮಗ್ಗ ಬಿಟ್ಟು ಮಿಲ್ಲಿನ ಆಫೀಸಿಗೆ ಹೋಗುತ್ತಿದ್ದರು. ಹಾಗಾಗಿ ನೇಕಾರರ ಬೀದಿಯ ಮಗಳಾಗಿಯೂ ನನಗೆ ನೇಯ್ಗೆಯ ಗಂಧಗಾಳಿ ಇರಲಿಲ್ಲ. ರೆಡ್ ರೈಡಿಂಗ್ ಹುಡ್‌ಳ ಕಥೆ ಗೊತ್ತಿತ್ತು, ಪಾವು ಅಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ.

ಪಾವು ಅಂದರೆ ಮಗ್ಗಕ್ಕೆ ಏರಿಸುವ ಮುಂಚಿನ ಹಾಸು ನೂಲು. ಅದನ್ನು ಬೀದಿಯುದ್ದಕ್ಕೂ ಬಿದಿರಿನ ಕವೆಗಳ ಮೇಲೆ ಎಳೆದು ಕಟ್ಟಿ, ಅಕ್ಕಿ ಗಂಜಿ ಸವರಿ, ನಾರಿನ ದೊಡ್ಡ ಬ್ರಷ್‌ಗಳಿಂದ ಉಜ್ಜಿ ಒಣಗಿಸಬೇಕು. ಆಗಲೇ ನೂಲಿಗೆ ಬಲ. ಬಿಸಿಲು ಏರಿದರೆ ಎಳೆ ತುಂಡಾಗುತ್ತದೆ, ಆದ್ದರಿಂದ ಇಬ್ಬನಿ ಇರುವಾಗಲೇ ಕೆಲಸ ಶುರುವಾಗಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಬೀದಿಗೆ ಬೀದಿಯೇ ಬಂದು ಕೈ ಹಾಕುತ್ತಿತ್ತು. ಅದಕ್ಕೆ ಕೂಲಿ ಇಲ್ಲ. ಯಾರ ಪಾವೋ ಅವರ ಮನೆಯಲ್ಲಿ ಎಲ್ಲರಿಗೂ ಬಿಸಿ ಬಿಸಿ ರಾಗಿ ಗಂಜಿ, ಹುರುಳಿ ಸಾರು… ಅಷ್ಟೇ. ಅತ್ತೆಯ ಮನೆಯ ಸಾರಿಗಾಗಿ, ಬರಬೇಕಾದವರಿಗಿಂತ ಎರಡು ಪಟ್ಟು ಜನ ಬರುತ್ತಿದ್ದರು.

ಆ ಸಾರನ್ನು ಹೇಗೆ ಹೇಳಲಿ… ಹುರುಳಿ ಹುರಿದು, ಬೇಯಿಸಿ, ಅರ್ಧವನ್ನು ಒರಳಿನಲ್ಲಿ ಅರೆದು, ಮೆಣಸು, ಜೀರಿಗೆ, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ, ಸಣ್ಣ ಈರುಳ್ಳಿ. ಮೊದಲ ಗುಟುಕಿಗೆ ಕಿವಿ ಬೆಚ್ಚಗಾಗುತ್ತಿತ್ತು, ಎರಡನೆಯದಕ್ಕೆ ಎದೆ, ಮೂರನೆಯದಕ್ಕೆ ಬರಿಗಾಲಿನ ಬೆರಳು. ಆಮೇಲೆ ಎಷ್ಟೋ ದೊಡ್ಡ ಹೋಟೆಲುಗಳಲ್ಲಿ ಸೂಪ್ ಕುಡಿದಿದ್ದೇನೆ. ಯಾವುದೂ ನನ್ನ ಕಾಲಿನವರೆಗೆ ಇಳಿದಿಲ್ಲ.

ನಾನು ಹೇಳಹೊರಟದ್ದು ನನಗೆ ಹತ್ತು ವರ್ಷವಿದ್ದಾಗಿನ ಕ್ರಿಸ್‌ಮಸ್ ರಜೆಯ ಒಂದು ಬೆಳಗು. ಆ ಮಳೆಗಾಲದಲ್ಲಿ ಅತ್ತೆಯ ಗಂಡ ತೀರಿಕೊಂಡಿದ್ದರು. ನೂಲು ಕೊಡುವ ಮುದಲಾಳಿ, ಹೆಂಗಸೊಬ್ಬಳ ಕೈಗೆ ನೂಲು ಕೊಡುವುದೋ ಬೇಡವೋ ಎಂದು ಹಿಂದೆ ಮುಂದೆ ನೋಡಿ, ಕೊನೆಗೆ ಒಂದೇ ಒಂದು ಪಾವು ಕೊಟ್ಟಿದ್ದರು. ಅದು ಸರಿ ಬಂದರೆ ಮಗ್ಗ ಅವರದೇ ಆಗಿ ಉಳಿಯುತ್ತದೆ. ಕೆಟ್ಟರೆ ಮಗ್ಗ ಬಿಚ್ಚಿ ಬೇರೆಯವರಿಗೆ ಕೊಟ್ಟು, ಅತ್ತೆ ವೆಳ್ಳಕೋಯಿಲ್‌ನ ಅಣ್ಣನ ಮನೆಗೆ ಹೋಗಿ ಅವರ ಸಂಸಾರಕ್ಕೆ ಅಡುಗೆ ಮಾಡಿಕೊಂಡಿರಬೇಕು. ಇದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ಹಿಂದಿನ ದಿನ ಹೇಳಿದ್ದರಿಂದ ನನಗೂ ಗೊತ್ತಿತ್ತು.

ಬೆಳಕು ಹರಿಯುವ ಮುಂಚೆ ಅಮ್ಮ ನನ್ನನ್ನು ಎಬ್ಬಿಸಿ, ಹಾಸ್ಟೆಲ್ಲಿನ ಮರೂನ್ ಸ್ವೆಟರ್ ಹಾಕಿ, “ಅತ್ತೆಗೆ ಸಹಾಯ ಮಾಡೋಗು” ಎಂದು ಕಳಿಸಿದರು. ಗಂಡಸರೆಲ್ಲ ಬೀದಿಯಲ್ಲಿ ಕವೆ ನಿಲ್ಲಿಸುತ್ತಿದ್ದರು. ಅತ್ತೆಯೂ ಅಲ್ಲೇ, ನೂಲು ಬಿಡಿಸುತ್ತಿದ್ದರು. ಹಿತ್ತಲ ಒಲೆಯ ಮೇಲೆ ಎರಡು ದೊಡ್ಡ ಪಾತ್ರೆ. ಒಂದರಲ್ಲಿ ಕಂದು ಬಣ್ಣದ ರಾಗಿ ಗಂಜಿ, ಇನ್ನೊಂದರಲ್ಲಿ ಬೆಳ್ಳಗಿನ ಅಕ್ಕಿ ಗಂಜಿ. ಪಕ್ಕದ ಸಣ್ಣ ಒಲೆಯಲ್ಲಿ ಹುರುಳಿ. ಬೆಳ್ಳಗಿನದು ಚಿಕ್ಕ ಮಕ್ಕಳಿಗೆ ಇರಬೇಕು ಅಂದುಕೊಂಡೆ. ಸೌಟಿನಲ್ಲಿ ತೆಗೆದು ರುಚಿ ನೋಡಿದೆ. ಸಪ್ಪೆ. ಅಯ್ಯೋ, ಅತ್ತೆ ಮರೆತಿದ್ದಾರೆ ಎಂದು ಕಲ್ಲುಪ್ಪಿನ ಮಡಕೆಗೆ ಕೈ ಹಾಕಿ ಎರಡು ಬೊಗಸೆ ಸುರಿದೆ. ಚೆನ್ನಾಗಿ ತಿರುವಿದೆ ಕೂಡ. ಸಿಸ್ಟರ್ ಇದ್ದಿದ್ದರೆ ‘ಗುಡ್ ಗರ್ಲ್’ ಅನ್ನುತ್ತಿದ್ದರು ಎಂದು ಹಿಗ್ಗಿದ್ದೂ ನೆನಪಿದೆ.

ಅದು ಪಾವಿಗೆ ಕಾಯಿಸಿದ ಗಂಜಿ.

ಬೀದಿಯ ಹಿರಿಯರೊಬ್ಬರಿದ್ದರು, ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಗಂಜಿಯ ಹದ ನೋಡುವುದು ಅವರ ಹಕ್ಕು. ಬಂದರು, ಎರಡು ಬೆರಳಿನ ನಡುವೆ ಉಜ್ಜಿದರು, ನಾಲಿಗೆಗೆ ಮುಟ್ಟಿಸಿದರು. ಮುಖ ಗಂಟಾಯಿತು.

“ಉಪ್ಪು! ಯಾರು ಹಾಕಿದ್ದು ಇದುಕ್ಕೆ?”

ಜನ ಹಿತ್ತಲಿಗೆ ಸೇರಿತು. ಉಪ್ಪು ಸೇರಿದ ಗಂಜಿ ಹಾಕಿದ ನೂಲು ಚಳಿಯ ತೇವವನ್ನೆಲ್ಲ ಹೀರಿಕೊಂಡು ಒಣಗುವುದೇ ಇಲ್ಲ, ಎಳೆಗೆ ಎಳೆ ಅಂಟಿ ಪಾವು ಪೂರ್ತಿ ಹಾಳು ಎಂದು ಯಾರೋ ಹೇಳುತ್ತಿದ್ದರು. ಹೊಸದಾಗಿ ಅಕ್ಕಿ ನೆನೆಹಾಕಿ ಕಾಯಿಸುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ನನ್ನ ಎರಡೂ ಕೈ ಉಪ್ಪಿನಿಂದ ಒದ್ದೆಯಾಗಿತ್ತು. ತಪ್ಪು ಮಾಡಿದರೆ ಎದ್ದು ನಿಂತು ಒಪ್ಪಿಕೊಳ್ಳಬೇಕು ಎಂದು ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಹೇಳಿಕೊಡುತ್ತಿದ್ದರು. ಬಾಯಿ ತೆರೆದೆ. ಮತ್ತೆ ಮುಚ್ಚಿ, ಕೈಗಳನ್ನು ಸ್ವೆಟರಿಗೆ ಒರೆಸಿಕೊಳ್ಳತೊಡಗಿದೆ.

ಅತ್ತೆ ನನ್ನ ಕೈ ನೋಡಿದರು. ಒಂದೇ ಸಲ.

“ನಾನೇ ಹಾಕ್ಬುಟ್ಟೆ ಮಾವಾ. ನಿದ್ದೆಗಣ್ಣು” ಅಂದರು.

“ಅದಕ್ಕೇ ಅಂದೆ ನಾನು. ಸಾರು ಕಾಯ್ಸೋ ಕೈಗೆ ಪಾವು ಕೊಟ್ರೆ ಇಂಗೇ ಆಗೋದು. ಮುದಲಾಳಿಗೆ ಈಗ ಏನ್ ಪದಿಲು ಹೇಳ್ಲಿ?”

“ಸಾರು ಕಾಯ್ಸೋ ಕೈನೇ ಮಾವಾ ಈಗ ಪಾವು ಉಳ್ಸೋದು. ನೀವು ಬ್ರಷ್ ಎತ್ಕೊಂಡು ನಿಲ್ಲಿ, ಬತ್ತೀನಿ.”

ಅತ್ತೆ ಒಳಗೆ ಹೋಗಿ ಗಂಡ ಉಡುತ್ತಿದ್ದ ಹಳೆಯ ವೇಷ್ಟಿ ತಂದರು. ರಾಗಿ ಗಂಜಿಗೆ ಇನ್ನೂ ಮಜ್ಜಿಗೆಯಾಗಲಿ ಉಪ್ಪಾಗಲಿ ಬಿದ್ದಿರಲಿಲ್ಲ. ಕುದಿನೀರು ಬೆರೆಸಿ ತೆಳ್ಳಗೆ ಮಾಡಿ, ವೇಷ್ಟಿಯಲ್ಲಿ ಎರಡೆರಡು ಸಲ ಸೋಸಿ, ಬಿಸಿಗೆ ಕೈ ಕೆಂಪಾದರೂ ಬಿಡದೆ ಹಿಂಡಿ, ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟರು. ಬೆಳ್ಳಗಿನ ನೂಲಾಗಿದ್ದರೆ ಕಲೆಯಾಗುತ್ತಿತ್ತು. ಆದರೆ ಆ ಪಾವು ನೇರಳೆ ಹಣ್ಣಿನಂಥ ದಟ್ಟ ಬಣ್ಣದ್ದು. ಅದನ್ನು ಅವರು ಯಾವಾಗ ಯೋಚಿಸಿದರೋ! ಮಾವ ಬೈದು ಮುಗಿಸುವಷ್ಟರಲ್ಲಿ ಅವರ ತಲೆಯಲ್ಲಿ ಎರಡು ಪಾತ್ರೆಗಳೂ ಜಾಗ ಬದಲಿಸಿದ್ದವು.

ಮಾವ ಬೆರಳಲ್ಲಿ ಉಜ್ಜಿ ನೋಡಿದರು. ಮತ್ತೊಮ್ಮೆ ಉಜ್ಜಿದರು. ಬ್ರಷ್ ಎತ್ತಿಕೊಂಡರು.

ಗಂಡಸರು ಬೀದಿಯಲ್ಲಿ ಪಾವಿನ ಎರಡೂ ಕಡೆ ನಡೆಯುತ್ತ ಉಜ್ಜುತ್ತಿದ್ದಾಗ ಅತ್ತೆ ಉಪ್ಪಾದ ಅಕ್ಕಿ ಗಂಜಿಯನ್ನು ಒಲೆಗೆ ಹಿಂದಿರುಗಿಸಿದರು. ಅದಕ್ಕೆ ಅಷ್ಟೂ ಹುರುಳಿಯನ್ನು ಅರೆದು ಸುರಿದರು, ಬಿಸಿನೀರು ಬೆರೆಸಿ ಉಪ್ಪಿನ ಅಬ್ಬರ ಇಳಿಸಿದರು. ಶುಂಠಿ, ಮೆಣಸು, ಬೆಳ್ಳುಳ್ಳಿ, ಕೊನೆಗೆ ಒಂದು ಹಿಡಿ ಈರುಳ್ಳಿಯ ಒಗ್ಗರಣೆ. ಬೆಣ್ಣೆಯಂತೆ ನುಣ್ಣಗಿನ, ಗಂಜಿಯೂ ಅಲ್ಲದ ಸಾರೂ ಅಲ್ಲದ, ಹೆಸರಿಲ್ಲದ ಒಂದು ಪದಾರ್ಥ. ಕೆಲಸ ಮುಗಿದು ಜನ ಜಗಲಿಯ ಮೇಲೆ ಸಾಲಾಗಿ ಕೂತು ಊದಿ ಊದಿ ಕುಡಿದರು. ಬರೀ ಸೊರ್ ಸೊರ್ ಸದ್ದು.

“ಇವತ್ತು ಯಾರ ಬೆನ್ನೂ ಬಗ್ಗಲ್ಲ ಬಿಡ್ರಪ್ಪಾ, ನೂಲಿನಂಗೆ ಎಲ್ರೂ ಗಂಜಿ ಹಾಕ್ಕಂಡೀವಿ” ಎಂದು ಯಾರೋ ಅಂದಾಗ ಬೀದಿಯೇ ನಕ್ಕಿತು. ಮಾವ ನಗಲಿಲ್ಲ. ಲೋಟವನ್ನು ಮೂರನೇ ಸಲ ಚಾಚಿದರು.

ಅತ್ತೆ ಸೌಟು ಹಿಡಿದುಕೊಂಡೇ ಕೇಳಿದರು: “ಹಾಕ್ಲಾ ಮಾವಾ? ಸಾರು ಕಾಯ್ಸೋ ಕೈ ಇದು.”

“ಹಾಕಮ್ಮಾ ತಾಯಿ, ಸುಮ್ನೆ ಹಾಕು!”

ನಾನು ಹಿತ್ತಲ ಗೋಡೆಗೆ ಒರಗಿ ನಿಂತಿದ್ದೆ. ಅತ್ತೆ ಬಂದು ಒಂದು ಲೋಟ ನನ್ನ ಮುಂದಿಟ್ಟು, “ಮೊದ್ಲು ಕೈ ತೊಳ್ಕೋ ಸಾಮಿ. ಚಳೀಲಿ ಉಪ್ಪು ಕೈ ಒಡೀತದೆ” ಅಂದರು. ಅಷ್ಟೇ. ಅಮ್ಮನಿಗೂ ಹೇಳಲಿಲ್ಲ.

ಪಾವು ಚೆನ್ನಾಗಿ ಬಂತು. ಮುದಲಾಳಿ ಮತ್ತೆ ನೂಲು ಕೊಟ್ಟರು. ಅತ್ತೆ ಆ ಮಗ್ಗದಲ್ಲಿ ಕಣ್ಣು ಮಂಜಾಗುವವರೆಗೂ ನೇಯ್ದರು. ಮುಂದಿನ ವರ್ಷದ ರಜೆಯಲ್ಲಿ ಅವರ ಪಾವಿನ ದಿನ ನಾನು ಹಿಂಜರಿಯುತ್ತ ಹಿತ್ತಲಿಗೆ ಹೋದಾಗ, ಉಪ್ಪಿನ ಮಡಕೆಯನ್ನು ನನ್ನ ಕೈಗೇ ಕೊಟ್ಟು, “ಸಾರಿಗೆ ನೀನ್ ಹಾಕು” ಅಂದರು. ಆಮೇಲಿನ ಪ್ರತಿ ರಜೆಯಲ್ಲೂ ಹಾಗೇ. ಅಷ್ಟು ದೊಡ್ಡ ಮೆಡಲ್ ನನಗೆ ಯಾವ ಸ್ಕೂಲೂ ಕೊಡಲಿಲ್ಲ. ಆದರೂ ತಪ್ಪು ಒಪ್ಪಿಕೊಳ್ಳುವ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಇವತ್ತು, ನಾಳೆ ಎನ್ನುತ್ತ ಮದುವೆಯಾಯಿತು, ಮಕ್ಕಳಾದವು.

ಕೊನೆಗೂ ಹೇಳಿದೆ. ಆಗ ಅವರಿಗೆ ಎಂಬತ್ತು ದಾಟಿತ್ತು, ನನಗೂ ತಲೆ ಬೆಳ್ಳಗಾಗಿತ್ತು. ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಬೀದಿಯಲ್ಲಿ ಪಾವು ಇಲ್ಲ, ಸಾಲಾಗಿ ಬೈಕುಗಳು. ಅವರ ಅಗಲವಾದ ಕೈ ಹಿಡಿದುಕೊಂಡು ಅಂದೆ: “ಅತ್ತೇ, ಅವತ್ತು ಪಾವಿನ ಗಂಜಿಗೆ ಉಪ್ಪು ಹಾಕಿದ್ದು ನಾನು.”

ಅವರು ನನ್ನನ್ನೇ ನೋಡಿದರು.

“ನೀನಾ? ನೀನೆಲ್ಲಿದ್ದೆ ಅವಾಗ, ಹಾಸ್ಟಲ್ಲಲ್ಲಿ ಓದ್ತಿದ್ದೆ. ಹಾಕಿದ್ದು ನಾನು. ಇಡೀ ಬೀದಿಗೇ ತಿಳೀದಾ?” ಎಂದು ನಕ್ಕು, “ಉಂಡ್ಯಾ ಕಣ್ಣು?” ಎಂದು ಮುದ್ದಿನಿಂದ ಕೇಳಿದರು.

ನಿಜವಾಗಿ ಮರೆತಿದ್ದರೋ, ಇಷ್ಟು ವರ್ಷದ ಮೇಲೂ ನನ್ನನ್ನು ಕಾಯುತ್ತಿದ್ದರೋ… ನನಗೆ ತಿಳಿಯಲಿಲ್ಲ. ಮತ್ತೆ ಕೇಳಲು ಧೈರ್ಯವಾಗಲಿಲ್ಲ. ಅದಾದ ಎರಡು ತಿಂಗಳಿಗೆ ಹೋಗಿಬಿಟ್ಟರು.

ಈಗ ಆ ಬೀದಿಯಲ್ಲಿ ಆ ಬೆಳಗನ್ನು ಕಂಡವರು ಯಾರೂ ಇಲ್ಲ. ಮನೆಯಲ್ಲಿ ಆಡುತ್ತಿದ್ದ ಕನ್ನಡದ ಒಂದಕ್ಷರವನ್ನೂ ಅತ್ತೆಗೆ ಓದಲು ಬರುತ್ತಿರಲಿಲ್ಲ. ನಾನೂ ಕನ್ನಡ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಹೋದ ಮೇಲೆ. ಅವರು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಹಾಕಿದ್ದು ನೀವಲ್ಲ ಅತ್ತೇ. ನಾನು.