ಹಳದಿಯ ಜೊತೆಗೆ ಕಂಡ ಕೆಂಪು

ಮೇಘಾ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯವಳು. ತಂದೆ ಗ್ಯಾನಪ್ಪ ಮೊದಲು ಕೂಲಿಗೆ ಹೋಗುತ್ತಿದ್ದ, ಆಮೇಲೆ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸಕ್ಕೆ ಸೇರಿದ. ತಾಯಿ ಪಕ್ಕೀರವ್ವ ಹಳೆ ಬಟ್ಟೆಯ ಕೌದಿ ಹೊಲಿಯುತ್ತಾಳೆ. ಕೊಪ್ಪಳದಲ್ಲಿ ಡಿಪ್ಲೊಮಾ ಮುಗಿಸಿದ ಮೇಘಾ ಹಲವು ಹಂತಗಳ ರೈಲ್ವೆ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿ ಸಹಾಯಕ ಲೋಕೊ ಪೈಲಟ್ ಆದಳು. ಅಲ್ಲಿಯವರೆಗೆ ಅವಳು ರೈಲಿನಲ್ಲಿ ಕೂತಿದ್ದು ಮೂರೇ ಸಲ, ಮೂರು ಸಲವೂ ಪರೀಕ್ಷೆ ಬರೆಯಲಿಕ್ಕೆ.

ತರಬೇತಿಯಲ್ಲಿ ಕಲಿಸಿದ್ದರಲ್ಲಿ ಹೆಚ್ಚಿನದು ರೈಲು ನಿಲ್ಲಿಸುವ ವಿದ್ಯೆಯೇ. ತುಂಬಿದ ಗೂಡ್ಸ್ ವೇಗದಲ್ಲಿದ್ದಾಗ ಬ್ರೇಕ್ ಹಾಕಿದರೂ ನಿಲ್ಲಲು ಕಿಲೊಮೀಟರಿನಷ್ಟು ದೂರ ಬೇಕಾಗುತ್ತದೆ. ಆದ್ದರಿಂದ ದೂರದಿಂದಲೇ ಸಿಗ್ನಲ್ ನೋಡಬೇಕು. ಎಂಜಿನ್‌ನಲ್ಲಿ ಇಬ್ಬರಿರುತ್ತಾರೆ. ಇಬ್ಬರೂ ಸಿಗ್ನಲ್‌ನ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳಬೇಕು. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಹೊಂದದಿದ್ದರೆ, ಅಥವಾ ಒಂದೇ ಕಂಬದಲ್ಲಿ ಎರಡು ಬಣ್ಣ ಕಂಡರೆ, ಅದನ್ನು ಕೆಂಪು ಎಂದೇ ತಿಳಿಯಬೇಕು. ಸಹಾಯಕರ ಕೈಗೆ ಸಿಗುವಂತೆ ಒಂದು ತುರ್ತು ಬ್ರೇಕ್ ಇರುತ್ತದೆ. ಎಷ್ಟೋ ಸಹಾಯಕರು ಅದನ್ನು ಒಂದು ಸಲವೂ ಎಳೆಯದೆ ಬಡ್ತಿ ಪಡೆಯುತ್ತಾರೆ.

ಮೇಘಾ ಎಳೆದಾಗ ಅವಳ ಸರ್ವೀಸಿಗೆ ಎಂಟು ತಿಂಗಳು ತುಂಬಿತ್ತು.

ಜನವರಿಯ ಒಂದು ಸಂಜೆ. ಐವತ್ತೆಂಟು ವ್ಯಾಗನ್ ಕಲ್ಲಿದ್ದಲು ಹೊತ್ತ ಗೂಡ್ಸ್ ಗದಗ ದಾಟಿ ಕೊಪ್ಪಳದ ಕಡೆ ಬರುತ್ತಿತ್ತು. ಎಂಜಿನ್ ನಡೆಸುತ್ತಿದ್ದವರು ದೇವೇಂದ್ರಪ್ಪ, ಕಾಲುವೆ ನೀರಿನ ಸಿದ್ದಾಪುರದಲ್ಲಿ ಭತ್ತದ ಗದ್ದೆಯಿದ್ದ ಮನೆತನದವರು. ಇಪ್ಪತ್ತೊಂಬತ್ತು ವರ್ಷದ ಸರ್ವೀಸು, ಒಂದೂ ತಪ್ಪಿನ ದಾಖಲೆ ಇಲ್ಲ. ಮಾತು ಕಡಿಮೆ. ಸಹಾಯಕರು ಹೆಣ್ಣೋ ಗಂಡೋ ಎಂಬುದನ್ನು ಅವರು ಗಮನಿಸಿದಂತೆ ಕಾಣುತ್ತಿರಲಿಲ್ಲ.

ಒಂದು ಸಣ್ಣ ಸ್ಟೇಷನ್ನಿಗೆ ಮೊದಲು ಹಳಿ ತಿರುವು ತೆಗೆದುಕೊಂಡು ನೆಟ್ಟಗಾಗುತ್ತದೆ. ತಿರುವಿನಲ್ಲೇ ಸಿಗ್ನಲ್ ಕಂಡಿತು.

"ಯೆಲ್ಲೊ" ಎಂದರು ದೇವೇಂದ್ರಪ್ಪ.

"ಯೆಲ್ಲೊ, ಸರ್" ಎಂದಳು ಮೇಘಾ. ಹಳದಿ ಎಂದರೆ ವೇಗ ಇಳಿಸಿಕೊಂಡು ಮುಂದಿನ ಸಿಗ್ನಲ್‌ನಲ್ಲಿ ನಿಲ್ಲಲು ತಯಾರಾಗಬೇಕು. ದೇವೇಂದ್ರಪ್ಪ ಬ್ರೇಕ್ ಮೇಲೆ ಕೈಯಿಟ್ಟು ಒತ್ತಡದ ಮೀಟರ್ ನೋಡತೊಡಗಿದರು. ಹಳಿ ನೆಟ್ಟಗಾಯಿತು. ಮೇಘಾ ಮತ್ತೆ ಕಂಬ ನೋಡಿದಳು. ಹಳದಿಯ ಕೆಳಗೆ ಕೆಂಪೂ ಹೊತ್ತಿತ್ತು.

"ಸರ್, ರೆಡ್!"

"ಯೆಲ್ಲೊ ಐತಿ ಅಂದ್ನಲ್ಲ."

"ರೆಡ್ಡೂ ಐತ್ರಿ ಸರ್! ಎರಡೂ ಹತ್ತ್ಯಾವು!"

ಅವರು ತಲೆ ಎತ್ತಲಿಲ್ಲ. ಮೇಘಾ ತುರ್ತು ಬ್ರೇಕ್ ಎಳೆದಳು.

ಬ್ರೇಕ್ ಪೈಪಿನ ಗಾಳಿ ಬುಸ್ಸೆಂದು ಹೊರಗೆ ಹೋಯಿತು. ವ್ಯಾಗನ್‌ಗಳು ಒಂದಕ್ಕೊಂದು ಗುದ್ದಿ ಸದ್ದು ಹಿಂದಿನಿಂದ ಮುಂದಕ್ಕೆ ಬಂತು. ಗಾಡಿ ಸಿಗ್ನಲ್‌ಗೆ ನೂರೈವತ್ತು ಮೀಟರ್ ಇದೆ ಎನ್ನುವಾಗ ನಿಂತಿತು. ಇಬ್ಬರೂ ಕಂಬ ನೋಡಿದರು. ಹಳದಿ ಮಾತ್ರ ಉರಿಯುತ್ತಿತ್ತು.

"ಎಲ್ಲೈತಿ ನಿನ್ನ ರೆಡ್ಡು?" ದೇವೇಂದ್ರಪ್ಪ ಕೇಳಿದರು. ಅವರ ದನಿ ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ಹಿಂದ ಪ್ಯಾಸೆಂಜರ್ ಗಾಡಿ ಬರಾಕತ್ತೈತಿ. ಏನ್ ಹೇಳ್ಲಿ ಈಗ ನಾ ಸ್ಟೇಷನ್ನಿನವ್ರಿಗೆ?"

ವಾಕಿಟಾಕಿಯಲ್ಲಿ ಸ್ಟೇಷನ್ ಮಾಸ್ಟರ್ ಕೂಗಿದರು: "ಸಿಗ್ನಲ್ ಕೊಟ್ಟೀನ್ರಿ, ಯಾಕ ನಿಂತ್ರಿ?"

ಹೀಗೆ ಒಮ್ಮೆಲೆ ನಿಂತ ಗಾಡಿಯಲ್ಲಿ ಕೊಂಡಿ ಕಳಚಿದೆಯೋ ಗಾಲಿ ಹಳಿ ಬಿಟ್ಟಿದೆಯೋ ಎಂದು ನೋಡದೆ ಹೊರಡುವಂತಿಲ್ಲ. ಮೇಘಾ ಇಳಿದು ಜಲ್ಲಿಯ ಮೇಲೆ ನಡೆಯುತ್ತ ಒಂದೊಂದು ವ್ಯಾಗನ್ ನೋಡಿದಳು. ಬ್ರೇಕ್ ಸುಟ್ಟ ವಾಸನೆ ಬರುತ್ತಿತ್ತು. ಹಿಂದಿನಿಂದ ಬಂದ ಗಾರ್ಡ್ ಮೂವತ್ತನೇ ವ್ಯಾಗನ್ ಹತ್ತಿರ ಎದುರಾದ. ಏನೂ ಆಗಿರಲಿಲ್ಲ. ಗಾಡಿ ಮತ್ತೆ ಹೊರಟಾಗ ಮೂವತ್ತೈದು ನಿಮಿಷ ಕಳೆದಿತ್ತು.

ಡ್ಯೂಟಿ ಮುಗಿದ ಮೇಲೆ ದೇವೇಂದ್ರಪ್ಪ ವರದಿ ಬರೆದರು. ನಾನು ಹಳದಿ ಕಂಡೆ, ಸಹಾಯಕಿ ಕೆಂಪೂ ಕಂಡಿದ್ದಾಗಿ ಕೂಗಿ ಬ್ರೇಕ್ ಹಾಕಿದಳು, ಇಷ್ಟೇ. ಹೆಚ್ಚೂ ಬರೆಯಲಿಲ್ಲ, ಕಡಿಮೆಯೂ ಬರೆಯಲಿಲ್ಲ. ಮರುದಿನ ಮಧ್ಯಾಹ್ನ ತಪಾಸಣೆಯವರು ಹೋಗಿ ಸಿಗ್ನಲ್ ನೋಡಿದರು, ದೋಷವಿಲ್ಲ ಎಂದರು. ಹಾಗಾದರೆ ದೋಷ ಕಣ್ಣಿನದೇ ಇರಬೇಕು. ಮೇಘಾಳಿಂದ ಲಿಖಿತ ವಿವರಣೆ ಕೇಳಿ, ಅವಳನ್ನು ಎಂಜಿನ್‌ನಿಂದ ಇಳಿಸಿ ಕಣ್ಣಿನ ಪರೀಕ್ಷೆಗೆ ಕಳಿಸಿದರು. ಬಣ್ಣ ಗುರುತಿಸುವ ಪರೀಕ್ಷೆಯನ್ನು ಎರಡು ಸಲ ಮಾಡಿದರು. ಫಲಿತಾಂಶ ಬರುವವರೆಗೆ ಊರಿಗೆ ಹೋಗಿರು ಎಂದರು.

ಮನೆಯಲ್ಲಿ ಪಕ್ಕೀರವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಮಗಳ ಕೈಗೆ ಸೂಜಿ, ಕಪ್ಪು ದಾರ ಕೊಟ್ಟಳು. ಮೇಘಾ ಮೊದಲ ಸಲಕ್ಕೇ ಪೋಣಿಸಿದಳು.

"ಕಣ್ಣ ಛಲೋ ಅದಾವಲ್ಲ?"

"ಅದಾವ ಬೇ."

"ಮತ್ತ ಕಂಡಿದ್ದ ಖರೇನ?"

ನಾಲ್ಕು ದಿನದಿಂದ ಮೇಘಾಳಿಗೆ ಅದೇ ಕಂಬ ಕಣ್ಣಮುಂದೆ ಬರುತ್ತಿತ್ತು. ಒಮ್ಮೆ ಎರಡು ಬಣ್ಣ, ಒಮ್ಮೆ ಒಂದೇ. "ಕಂಡಿತ್ತು" ಎಂದಳು. "ಈಗ ಕೇಳಿದ್ರ ನನಗೂ ಗೊತ್ತಾಗವಲ್ದು. ಆದ್ರ ಆವಾಗ ಕಂಡಿತ್ತು."

ಗ್ಯಾನಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಕೆಲಸ ಹೋದೀತೇ ಎಂಬ ಚಿಂತೆ ಅವನಿಗೆ.

ಆರನೇ ದಿನ ದೇವೇಂದ್ರಪ್ಪನವರಿಗೆ ಅದೇ ಹೊತ್ತಿನಲ್ಲಿ ಅದೇ ದಾರಿಯ ಗೂಡ್ಸ್ ಸಿಕ್ಕಿತು. ಸಹಾಯಕ ಬೇರೆಯವನು. ತಿರುವಿನಲ್ಲಿ ಹಳದಿ ಕಂಡಿತು, ಇಬ್ಬರೂ ಕೂಗಿದರು. ಈ ಸಲ ದೇವೇಂದ್ರಪ್ಪ ಕಣ್ಣು ಕೆಳಗಿಳಿಸಲಿಲ್ಲ. ಹಳಿ ನೆಟ್ಟಗಾಗುತ್ತಲೇ ಬೆನ್ನ ಹಿಂದಿನ ಇಳಿಬಿಸಿಲು ನೇರ ಸಿಗ್ನಲ್‌ನ ಗಾಜಿಗೆ ಹೊಡೆಯಿತು. ಒಳಗೆ ದೀಪ ಹೊತ್ತದ ಕೆಂಪು ಗಾಜು ಹೊತ್ತಿದ ಹಾಗೆ ಹೊಳೆಯಿತು. ಅವರು ಗಾಡಿ ನಿಲ್ಲಿಸಿದರು. ನಿಲ್ಲುವಷ್ಟರಲ್ಲಿ ಕಂಬ ಹತ್ತಿರವಾಗಿ, ಹೊಳಪು ಆರಿಹೋಗಿತ್ತು.

ಅಂದು ಅವರು ಬರೆದ ವರದಿ ಎರಡು ಪುಟ. ಅದರಲ್ಲಿ ಒಂದು ವಾಕ್ಯ ತಮ್ಮ ಮೇಲೆಯೇ ಇತ್ತು: ಈ ಸಿಗ್ನಲ್ ಅನ್ನು ನಾನು ನೂರಾರು ಸಲ ದಾಟಿದ್ದೇನೆ, ಒಮ್ಮೆ ಬಣ್ಣ ಕೂಗಿದ ಮೇಲೆ ತಿರುಗಿ ನೋಡಿರಲಿಲ್ಲ. ಇದನ್ನು ಬರೆಯುವ ಅಗತ್ಯವಿಲ್ಲ, ನಿವೃತ್ತಿಗೆ ಎರಡೇ ವರ್ಷ ಇದೆ ಎಂದು ಜೊತೆಯವರು ಹೇಳಿದರು. "ಅಕಿ ನೋಡ್ಯಾಳ, ನಾ ನೋಡಿದ್ದಿಲ್ಲ. ಇದರಾಗ ಮುಚ್ಚಿಡೂದು ಏನೈತಿ?" ಎಂದು ಅವರು ಸಹಿ ಹಾಕಿದರು. ಮಧ್ಯಾಹ್ನ ಬಂದರೆ ಏನೂ ಕಾಣುವುದಿಲ್ಲ, ಸಂಜೆ ಐದೂಕಾಲಿಗೆ ಎಂಜಿನ್‌ನಲ್ಲೇ ಬಂದು ನೋಡಬೇಕು ಎಂದೂ ಬರೆದಿದ್ದರು.

ಮರುತಪಾಸಣೆಯ ಮೊದಲ ದಿನ ಮೋಡವಿತ್ತು. ಎರಡನೇ ದಿನ ಎಂಜಿನ್ ಹತ್ತಿ ಬಂದ ಅಧಿಕಾರಿಗೆ ಏಳು ಸೆಕೆಂಡು ಕೆಂಪು ಕಂಡಿತು. ವಾರದೊಳಗೆ ಆ ಸಿಗ್ನಲ್‌ಗೆ ಬಿಸಿಲು ಬೀಳದಂತೆ ಉದ್ದನೆಯ ಮರೆ ಕೂಡಿಸಿ, ಹಳೆಯ ದೀಪ ತೆಗೆದು ಹೊಸದು ಹಾಕಿದರು. ಮೇಘಾಳ ಕಣ್ಣು ಸರಿ ಇದೆ ಎಂಬ ಕಾಗದವೂ ಬಂತು. ವಿವರಣೆ ಕೇಳಿದ್ದ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ ಎಂದು ಅದರಲ್ಲಿ ಒಂದು ಸಾಲಿತ್ತು. ಮೊದಲ ಸಲ ಸಹಾಯಕಿ ಎರಡು ಬಣ್ಣ ಕೂಗಿದರೂ ನಿಲ್ಲಿಸಲಿಲ್ಲವೆಂದು ದೇವೇಂದ್ರಪ್ಪನವರಿಗೆ ಎಚ್ಚರಿಕೆಯ ಪತ್ರ ಬಂತು. ಅವರ ಸರ್ವೀಸಿನಲ್ಲಿ ಮೊದಲನೆಯದು. ಮಡಚಿ ಜೇಬಿಗಿಟ್ಟುಕೊಂಡರು.

ಮೇಘಾ ಮತ್ತೆ ಅವರ ಜೊತೆ ಡ್ಯೂಟಿಗೆ ಬಿದ್ದದ್ದು ಮೂರು ತಿಂಗಳ ಮೇಲೆ. ಪತ್ರದ ಸುದ್ದಿ ಅವಳಿಗೆ ಗೊತ್ತಿತ್ತು. ಎಂಜಿನ್ ಹತ್ತುವಾಗ "ನನ್ನಿಂದ ನಿಮಗ ತ್ರಾಸ ಆತ್ರಿ ಸರ್" ಎಂದಳು.

"ಚಾ ಕುಡದೇನ?" ಎಂದು ಕೇಳಿದರು ಅವರು.

ಕಳೆದ ವರ್ಷ ದೇವೇಂದ್ರಪ್ಪ ನಿವೃತ್ತರಾದರು. ಹಾರ ಹಾಕಿದ ದಿನ ಮೇಘಾ ಡ್ಯೂಟಿಯಲ್ಲಿದ್ದಳು, ಬರಲಾಗಲಿಲ್ಲ. ಮರುದಿನ ಫೋನ್ ಮಾಡಿದಳು. ಕಾಲುವೆಗೆ ನೀರು ಬಿಟ್ಟಿದ್ದಾರೆ, ಭತ್ತದ ಸಸಿ ನಾಟಿಗೆ ಬಂದಿದೆ, ಆಳು ಸಿಗುತ್ತಿಲ್ಲ ಎಂದು ಅವರು ನಾಲ್ಕು ನಿಮಿಷ ಮಾತಾಡಿದರು. ಎಂಜಿನ್‌ನಲ್ಲಿ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.